ಆಡುತ್ತಿಲ್ಲ ಉಮ್ಮಾ, ದುರಸ್ತಿ ಮಾಡುತ್ತಿದ್ದೇನೆ

ಓದುಗ ಸಹೋದರಿಯೊಬ್ಬರು ಬರೆದ ಪತ್ರವೇ ಈ ತಿಂಗಳ ಅಂಕಣಕ್ಕೆ ಪ್ರೇರಣೆ. ಅವರ ಮಗ ಇಂಜಿನಿಯರಿಂಗ್ ಓದುತ್ತಿದ್ದಾನೆ. ರಾತ್ರಿ ಇಶಾ ನಮಾಝ್ ಮುಗಿಸಿ, ಊಟ ಮಾಡಿ ಕಂಪ್ಯೂಟರಿನ ಮುಂದೆ ಕುಳಿತನೆಂದರೆ ಗಂಟೆ ಹನ್ನೆರಡು ದಾಟುತ್ತದೆ. ಪರದೆಯ ಮೇಲೆ ಯಾವುದೋ ಹಳೆಯ ಆಟದ ಚಿತ್ರ. "ಇಷ್ಟು ದೊಡ್ಡವನಾದರೂ ಇನ್ನೂ ಆಟವೇ?" ಎಂದು ಗದರಿದರೆ, "ಆಡುತ್ತಿಲ್ಲ ಉಮ್ಮಾ, ದುರಸ್ತಿ ಮಾಡುತ್ತಿದ್ದೇನೆ. ಇದು ಇಪ್ಪತ್ತು ವರ್ಷ ಹಳೆಯ ಕೋಡ್, ಹೊಸ ಕಂಪ್ಯೂಟರಿನಲ್ಲಿ ಓಡುವುದಿಲ್ಲ" ಎನ್ನುತ್ತಾನಂತೆ. ಈ ಕೆಲಸಕ್ಕೆ ಸಂಬಳವಿಲ್ಲ. ಪರೀಕ್ಷೆಯಲ್ಲಿ ಅಂಕವೂ ಇಲ್ಲ. "ಇದು ಕೆಲಸವೋ, ಕಾಲಹರಣವೋ? ತಡೆಯಬೇಕೋ, ಬಿಡಬೇಕೋ?" ಎಂಬುದು ಆ ತಾಯಿಯ ಪ್ರಶ್ನೆ.

ಇದು ಒಂದೇ ಮನೆಯ ಪ್ರಶ್ನೆಯಲ್ಲ. ಹಿಂದೆ ಮಗ ಅಂಗಡಿಯಲ್ಲಿದ್ದರೆ ದುಡಿಮೆ, ಮೈದಾನದಲ್ಲಿದ್ದರೆ ಆಟ, ಪುಸ್ತಕ ಹಿಡಿದಿದ್ದರೆ ಓದು ಎಂದು ದೂರದಿಂದಲೇ ತಿಳಿಯುತ್ತಿತ್ತು. ಈಗ ಮೂರಕ್ಕೂ ಒಂದೇ ಕುರ್ಚಿ, ಒಂದೇ ಪರದೆ. ಬಾಗಿಲಲ್ಲಿ ನಿಂತು ನೋಡುವ ತಾಯಿಗೆ ವ್ಯತ್ಯಾಸ ಗೊತ್ತಾಗುವುದಾದರೂ ಹೇಗೆ? ಆದ್ದರಿಂದ ತೀರ್ಪು ಕೊಡುವ ಮೊದಲು ಆ ಕೆಲಸ ಏನೆಂಬುದನ್ನು ತಿಳಿದುಕೊಳ್ಳೋಣ.

ಕೋಡ್ ಹಳೆಯದಾಗುವುದು ಹೇಗೆ?

ಕಂಪ್ಯೂಟರಿಗೆ ನಾವು ಹಂತ ಹಂತವಾಗಿ ಕೊಡುವ ಆದೇಶಗಳ ಪಟ್ಟಿಯನ್ನು ಕೋಡ್ ಎನ್ನುತ್ತಾರೆ. ಬರೆದಿಟ್ಟ ಕೋಡ್‌ಗೆ ಅಕ್ಕಿಯಂತೆ ಹುಳ ಬೀಳುವುದಿಲ್ಲ, ಕಬ್ಬಿಣದಂತೆ ತುಕ್ಕು ಹಿಡಿಯುವುದಿಲ್ಲ. 1999ರಲ್ಲಿ ಬರೆದ ಸಾಲು ಇಂದೂ ಹಾಗೆಯೇ ಇರುತ್ತದೆ. ಬದಲಾಗುವುದು ಅದರ ಸುತ್ತಲಿನ ಲೋಕ.

ಅಜ್ಜಿಯ ಕೈಯ ದಮ್ ಬಿರಿಯಾನಿಯನ್ನು ನೆನಪಿಸಿಕೊಳ್ಳಿ. ಅವರು ಹೇಳಿಕೊಟ್ಟ ಕ್ರಮದಲ್ಲಿ ಅಕ್ಕಿಯ ಲೆಕ್ಕ ಸೇರು-ಪಾವಿನಲ್ಲಿದೆ. ಕಟ್ಟಿಗೆಯ ಒಲೆ, ದಪ್ಪ ತಾಮ್ರದ ಪಾತ್ರೆ, ಮುಚ್ಚಳದ ಸುತ್ತ ಮೆತ್ತಿದ ಹಿಟ್ಟು, ಮುಚ್ಚಳದ ಮೇಲೆ ಕೆಂಡ, ಎಲ್ಲವೂ ಆ ಕ್ರಮದ ಭಾಗ. ಇಂದು ನಮ್ಮ ಅಡುಗೆಮನೆಯಲ್ಲಿ ಗ್ಯಾಸ್ ಒಲೆ ಇದೆ, ಕೆಂಡ ಇಲ್ಲ. ಸೇರನ್ನು ಗ್ರಾಮಿಗೆ ತಿರುಗಿಸಬೇಕು. ಮೇಲಿನ ಕೆಂಡದ ಕೆಲಸಕ್ಕೆ ಬೇರೆ ಉಪಾಯ ಹುಡುಕಬೇಕು, ತಳ ಹಿಡಿಯದಂತೆ ಪಾತ್ರೆಯ ಅಡಿಗೆ ಕಾವಲಿ ಇಡಬೇಕು. ಇಷ್ಟೆಲ್ಲ ಮಾಡಿದ ಮೇಲೂ ಬಾಯಿಗಿಟ್ಟಾಗ "ಇದು ಅಜ್ಜಿಯದೇ ಬಿರಿಯಾನಿ" ಎನ್ನುವಂತಿರಬೇಕು. ಹಳೆಯ ಪ್ರೋಗ್ರಾಮ್ ಒಂದನ್ನು ಹೊಸ ಯಂತ್ರಕ್ಕೆ ಹೊಂದಿಸುವ ಕೆಲಸವೂ ಇಂಥದ್ದೇ. ಕಂಪ್ಯೂಟರ್ ಬಲ್ಲವರು ಇದನ್ನು ಪೋರ್ಟ್ ಮಾಡುವುದು ಎನ್ನುತ್ತಾರೆ.

ಯಂತ್ರಗಳ ಲೋಕದಲ್ಲಿ ಈ ಬದಲಾವಣೆ ಬಹಳ ಬೇಗ ಆಗುತ್ತದೆ. ಡಾಸ್ ಕಾಲದ 16 ಬಿಟ್ ಪ್ರೋಗ್ರಾಮ್‌ಗಳು ಇಂದಿನ 64 ಬಿಟ್ ವಿಂಡೋಸ್‌ನಲ್ಲಿ ನೇರವಾಗಿ ತೆರೆಯುವುದೇ ಇಲ್ಲ. ಆಪಲ್ ಕಂಪೆನಿ 2019ರಲ್ಲಿ ತನ್ನ ಕಂಪ್ಯೂಟರುಗಳಲ್ಲಿ 32 ಬಿಟ್ ಪ್ರೋಗ್ರಾಮ್‌ಗಳನ್ನು ನಿಲ್ಲಿಸಿತು. ಮಕ್ಕಳ ಎಷ್ಟೋ ಪುಟ್ಟ ಆಟಗಳಿಗೆ ಆಸರೆಯಾಗಿದ್ದ ಫ್ಲ್ಯಾಶ್‌ಗೆ 2020ರ ಡಿಸೆಂಬರ್ 31ರಂದು ಬೆಂಬಲ ಕೊನೆಗೊಂಡಿತು. ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2010ಕ್ಕೆ ಮುಂಚೆ ಆ ದೇಶದಲ್ಲಿ ಬಿಡುಗಡೆಯಾದ ಆಟಗಳಲ್ಲಿ 100ಕ್ಕೆ 87 ಆಗ ಮಾರುಕಟ್ಟೆಯಲ್ಲಿ ಸಿಗುತ್ತಿರಲಿಲ್ಲ. ಕಂಪೆನಿಗಳು ಮಾಡಿದ ಆಟಗಳ ಪಾಡೇ ಹೀಗಾದರೆ, ಅಭಿಮಾನಿಗಳು ಬಿಡುವಿನ ವೇಳೆಯಲ್ಲಿ ಮಾಡಿಟ್ಟ ಆಟಗಳನ್ನು ಕೇಳುವವರಾರು?

ಒಂದು ನಿಜವಾದ ಉದಾಹರಣೆ

ಜಪಾನಿನ ನಿಂಟೆಂಡೊ ಕಂಪೆನಿ 1986ರಲ್ಲಿ 'ದಿ ಲೆಜೆಂಡ್ ಆಫ್ ಝೆಲ್ಡಾ' ಎಂಬ ಆಟವನ್ನು ಹೊರತಂದಿತು. ಶಿಗೆರು ಮಿಯಾಮೊಟೊ ಮತ್ತು ತಕಾಶಿ ತೆಝುಕಾ ಅದರ ರೂವಾರಿಗಳು. ಹುಡುಗನೊಬ್ಬ ಕಾಡು ಬೆಟ್ಟ ಅಲೆದು, ನೆಲದಡಿಯ ಚಕ್ರವ್ಯೂಹಗಳನ್ನು ದಾಟಿ ರಾಜಕುಮಾರಿಯನ್ನು ಬಿಡಿಸುವ ಕಥೆ. ಇದನ್ನು ಆಡಿ ಬೆಳೆದ ಕೆಲವು ಅಭಿಮಾನಿಗಳು 1999ರಲ್ಲಿ ಆ ಆಟವನ್ನು ಸಾಮಾನ್ಯ ಕಂಪ್ಯೂಟರಿನಲ್ಲಿ ಆಡುವಂತೆ ತಾವೇ ಮೊದಲಿನಿಂದ ಕೋಡ್ ಬರೆದು ಸಿದ್ಧಪಡಿಸಿದರು. ಅದಕ್ಕೆ 'ಝೆಲ್ಡಾ ಕ್ಲಾಸಿಕ್' ಎಂದು ಹೆಸರಿಟ್ಟರು. ಈಗ ಅದನ್ನು 'ಝೆಡ್‌ಕ್ವೆಸ್ಟ್ ಕ್ಲಾಸಿಕ್' ಎಂದು ಕರೆಯುತ್ತಾರೆ.

ಅವರು ಅಲ್ಲಿಗೇ ನಿಲ್ಲಲಿಲ್ಲ. ಯಾರು ಬೇಕಾದರೂ ತಮ್ಮದೇ ಹೊಸ ಕಥೆ, ಹೊಸ ದಾರಿ, ಹೊಸ ಒಗಟುಗಳನ್ನು ಜೋಡಿಸುವಂತೆ ಒಂದು ಸಾಧನವನ್ನೂ ಅದರ ಜೊತೆಗೆ ಕೊಟ್ಟರು. ಹೀಗೆ ಕಟ್ಟಿದ ಒಂದೊಂದು ಆಟಕ್ಕೂ 'ಕ್ವೆಸ್ಟ್' ಎನ್ನುತ್ತಾರೆ. ಎರಡು ದಶಕಗಳಲ್ಲಿ ಇಂಥ 600ಕ್ಕೂ ಹೆಚ್ಚು ಕ್ವೆಸ್ಟ್‌ಗಳು ಹುಟ್ಟಿದವು. ದೊಡ್ಡ ಕ್ವೆಸ್ಟ್ ಒಂದನ್ನು ಕಟ್ಟುವುದೆಂದರೆ ತಿಂಗಳು, ವರ್ಷಗಳ ಕೆಲಸ. ಆ ದುಡಿಮೆಯೆಲ್ಲ ನಿಂತಿರುವುದು ಹಳೆಯ ಕೋಡ್ ಎಂಬ ಒಂದೇ ಅಡಿಪಾಯದ ಮೇಲೆ. ಅದು ಓಡದಿದ್ದರೆ ಅವೆಲ್ಲವೂ ತೆರೆಯಲಾಗದ ಪೆಟ್ಟಿಗೆಗಳಾಗಿ ಉಳಿಯುತ್ತವೆ.

2022ರಲ್ಲಿ ಈ ಆಟವನ್ನು ಏನನ್ನೂ ಇನ್‌ಸ್ಟಾಲ್ ಮಾಡದೆ ಇಂಟರ್‌ನೆಟ್ ಬ್ರೌಸರಿನಲ್ಲೇ ಆಡುವಂತೆ ಮಾಡಲಾಯಿತು. ಹಳೆಯ ಕೋಡನ್ನು ಬ್ರೌಸರ್ ಅರಿಯುವ 'ವೆಬ್ ಅಸೆಂಬ್ಲಿ' ಎಂಬ ರೂಪಕ್ಕೆ ತಿರುಗಿಸುವ ಸಾಧನಗಳು ಈಗ ಇವೆ. ಹಾಗಾದರೆ ಗುಂಡಿ ಒತ್ತಿದರೆ ಕೆಲಸ ಮುಗಿಯಿತಲ್ಲವೇ? ಇಲ್ಲ, ನಿಜವಾದ ಕಷ್ಟ ಅಲ್ಲಿಂದಲೇ ಆರಂಭ.

ಒಂದೊಂದೇ ಗಂಟು ಬಿಡಿಸುತ್ತಾ...

ಮೊದಲನೆಯದು, ಆಧಾರವೇ ಇಲ್ಲದಿರುವುದು. ಚಿತ್ರ ತೋರಿಸಲು, ಸದ್ದು ಹೊರಡಿಸಲು ಆ ಆಟ 'ಅಲೆಗ್ರೋ' ಎಂಬ ಸಿದ್ಧ ಕೋಡ್ ಭಂಡಾರದ ನಾಲ್ಕನೇ ಆವೃತ್ತಿಯನ್ನು ನಂಬಿತ್ತು. ಅದನ್ನು ಮುಂದುವರಿಸುವ ಕೆಲಸ ನಿಂತುಹೋಗಿದೆ, ಬ್ರೌಸರಿಗೆ ಅದು ಒಗ್ಗುವುದಿಲ್ಲ. ಐದನೇ ಆವೃತ್ತಿ ಇದೆಯಾದರೂ ಅದರ ರೀತಿನೀತಿಯೇ ಬೇರೆ. ಎಲ್ಲವನ್ನೂ ಹೊಸದಾಗಿ ಬರೆಯುವ ಬದಲು, ಹಳೆಯ ಮಾತನ್ನು ಕೇಳಿ ಹೊಸ ಭಾಷೆಯಲ್ಲಿ ಹೇಳುವ ದುಭಾಷಿಯಂಥ ಒಂದು ಪದರವನ್ನು ನಡುವೆ ಇಡಲಾಯಿತು. ಮನೆ ಕೆಡವದೆ ಕೊಳೆತ ಕಂಬಗಳನ್ನಷ್ಟೇ ಬದಲಿಸಿದ ಹಾಗೆ.

ಎರಡನೆಯದು, ಕಾಯುವ ಕ್ರಮ. ಹಳೆಯ ಕಾಲದ ಆಟ ಕಂಪ್ಯೂಟರನ್ನು ಪೂರ್ತಿ ತನ್ನದೆಂದೇ ಭಾವಿಸಿ ಒಂದೇ ಸುತ್ತಿನಲ್ಲಿ ಬಿಡದೆ ಓಡುತ್ತಿತ್ತು. ಬ್ರೌಸರಿನಲ್ಲಿ ಹಾಗೆ ಮಾಡಿದರೆ ಪುಟವೇ ಸ್ತಬ್ಧವಾಗಿಬಿಡುತ್ತದೆ. ಆದ್ದರಿಂದ ಆಟವನ್ನು ಹಿನ್ನೆಲೆಯ ಪ್ರತ್ಯೇಕ ದಾರಿಗೆ ಸರಿಸಬೇಕಾಯಿತು.

ಮೂರನೆಯದು, ಸಂಗೀತ. ಆಟದಲ್ಲಿ 'ಮಿಡಿ' ರೂಪದ ಸಂಗೀತವಿತ್ತು. ಅದರೊಳಗೆ ಧ್ವನಿಯೇ ಇರುವುದಿಲ್ಲ. ಯಾವ ವಾದ್ಯ, ಯಾವ ಸ್ವರ, ಎಷ್ಟು ಹೊತ್ತು ಎಂಬ ಸೂಚನೆ ಮಾತ್ರ ಇರುತ್ತದೆ. ವಿಂಡೋಸ್‌ನಲ್ಲಿ ವಾದ್ಯಗಳ ಧ್ವನಿ ಮೊದಲೇ ಇತ್ತು, ಬ್ರೌಸರಿನಲ್ಲಿ ಇಲ್ಲ. ಆ ಧ್ವನಿಗಳನ್ನೂ ಹೊರಗಿನಿಂದ ಒದಗಿಸಬೇಕಾಯಿತು.

ನಾಲ್ಕನೆಯದು, ಆಡಿದ್ದನ್ನು ಉಳಿಸಿಡುವ ಜಾಗ. ಕಂಪ್ಯೂಟರಿನ ಡಿಸ್ಕಿನಲ್ಲಿ ಬೇಕಾದಲ್ಲಿ ಬರೆಯಲು ಬ್ರೌಸರ್ ಬಿಡುವುದಿಲ್ಲ, ಅದು ನಮ್ಮದೇ ಸುರಕ್ಷತೆಗಾಗಿ. ಹಾಗಾಗಿ ಬ್ರೌಸರ್ ತನ್ನೊಳಗೇ ಕೊಡುವ ಕಪಾಟಿನಲ್ಲಿ ಆಟದ ಲೆಕ್ಕವನ್ನು ಇಡುವಂತೆ ಬದಲಿಸಬೇಕಾಯಿತು.

ಇವುಗಳಲ್ಲಿ ಒಂದೂ ನೋಡುವವರ ಕಣ್ಣಿಗೆ ಕಾಣುವುದಿಲ್ಲ. ಎಲ್ಲ ಸರಿಯಾದರೆ ಆಟ ಮೊದಲಿನಂತೆಯೇ ಇರುತ್ತದೆ, ಅಷ್ಟೇ. ಹರಿದ ಬಟ್ಟೆಗೆ ರಫೂ ಮಾಡುವವನ ಜಾಣ್ಮೆಯೂ ಹೀಗೆಯೇ ಅಲ್ಲವೇ? ರಫೂ ಎದ್ದು ಕಂಡರೆ ಕೆಲಸ ಕೆಟ್ಟಿದೆ ಎಂದರ್ಥ. ಮನೆಗೆಲಸ ಮಾಡುವ ಮಹಿಳೆಯರಿಗೆ ಇದನ್ನು ವಿವರಿಸಬೇಕಾದ ಅಗತ್ಯವಿಲ್ಲ. ಮಾಡಿದ್ದು ಯಾರಿಗೂ ಕಾಣಿಸದು, ಮಾಡದಿದ್ದರೆ ಮಾತ್ರ ಎಲ್ಲರಿಗೂ ಕಾಣುತ್ತದೆ.

ತಪ್ಪನ್ನೂ ಕಾಪಾಡಬೇಕಾದ ಕೆಲಸ

ಇಷ್ಟರವರೆಗೆ ಹೇಳಿದ್ದು ಯಂತ್ರದ ಮಾತು. ಈ ಕೆಲಸದ ತಿರುಳು ಮುಂದಿದೆ.

ಇಪ್ಪತ್ತು ವರ್ಷ ಹಳೆಯ ಕೋಡಿನಲ್ಲಿ ತಪ್ಪುಗಳಿರುವುದು ಸಹಜ. ಹೊಸದಾಗಿ ಕೈಹಾಕಿದ ಹುಡುಗನಿಗೆ ತಪ್ಪು ಕಂಡೊಡನೆ ತಿದ್ದಿಬಿಡುವ ಆತುರ. ಆದರೆ ಹೀಗೆ ಭಾವಿಸಿ: ಹಳೆಯ ಕೋಡಿನ ತಪ್ಪಿನಿಂದಾಗಿ ಒಂದು ಬಗೆಯ ಗೋಡೆಯ ಮೂಲೆಯಲ್ಲಿ ಆಟಗಾರ ನುಸುಳಿ ಹೋಗಲು ಸಾಧ್ಯವಿದೆ. ಅದು ತಪ್ಪೆಂದು ತಿಳಿಯದೆ ಯಾರೋ ಒಬ್ಬ, ವರ್ಷಗಳ ಹಿಂದೆ, ತನ್ನ ಕ್ವೆಸ್ಟಿನ ದಾರಿಯನ್ನು ಆ ಮೂಲೆಯಲ್ಲೇ ಇಟ್ಟಿದ್ದಾನೆ. ಇಂದು ಆ ತಪ್ಪನ್ನು ತಿದ್ದಿದರೆ ಕೋಡ್ ಶುದ್ಧವಾಗುತ್ತದೆ ನಿಜ, ಆದರೆ ಅವನ ಕ್ವೆಸ್ಟ್ ಅಲ್ಲಿಗೇ ಮುಚ್ಚಿಹೋಗುತ್ತದೆ. ಅದನ್ನು ಕಟ್ಟಿದವನು ಈಗ ಎಲ್ಲಿದ್ದಾನೋ, ಬದುಕಿದ್ದಾನೋ ಇಲ್ಲವೋ ಗೊತ್ತಿಲ್ಲ. ಬಂದು ದೂರು ಕೊಡುವವರು ಯಾರೂ ಇಲ್ಲ.

ಝೆಲ್ಡಾ ಕ್ಲಾಸಿಕ್‌ನ ಕೆಲಸಗಾರರು ಇದಕ್ಕೆ ಎರಡು ಉಪಾಯ ಮಾಡಿಕೊಂಡಿದ್ದಾರೆ. ಕ್ವೆಸ್ಟ್ ಯಾವ ಆವೃತ್ತಿಯಲ್ಲಿ ಕಟ್ಟಿದ್ದೆಂಬುದು ಅದರ ಕಡತದಲ್ಲೇ ದಾಖಲಾಗಿರುತ್ತದೆ. ಹಳೆಯದನ್ನು ತೆರೆದಾಗ ಹಳೆಯ ನಡವಳಿಕೆಯನ್ನೇ ಉಳಿಸುವ ನಿಯಮಗಳು ಜಾರಿಗೆ ಬರುತ್ತವೆ. ಹೊಸದಾಗಿ ಕಟ್ಟುವವರಿಗೆ ಹೊಸ, ತಿದ್ದಿದ ನಡವಳಿಕೆ ಸಿಗುತ್ತದೆ. ಇದು ಮೊದಲ ಉಪಾಯ.

ಎರಡನೆಯ ಉಪಾಯ ಇನ್ನೂ ಸ್ವಾರಸ್ಯಕರ. ಒಬ್ಬರು ಒಂದು ಕ್ವೆಸ್ಟ್ ಆಡುವಾಗ ಒತ್ತಿದ ಪ್ರತಿಯೊಂದು ಗುಂಡಿಯನ್ನೂ, ಒತ್ತಿದ ಕ್ಷಣವನ್ನೂ ದಾಖಲಿಸಿಡುತ್ತಾರೆ. ಕೋಡಿನಲ್ಲಿ ಏನಾದರೂ ಬದಲಿಸಿದಾಗ ಕಂಪ್ಯೂಟರ್ ತಾನೇ ಅದೇ ಗುಂಡಿಗಳನ್ನು ಅದೇ ಕ್ರಮದಲ್ಲಿ ಒತ್ತಿ ಆಡುತ್ತದೆ, ಪರದೆಯ ಚಿತ್ರವನ್ನು ಮೊದಲಿನ ಚಿತ್ರದೊಂದಿಗೆ ಹೋಲಿಸುತ್ತದೆ. ಆಟದ ಪ್ರಾಣಿಗಳು ಮನಬಂದಂತೆ ಓಡಾಡುತ್ತವಲ್ಲಾ, ಆ 'ಮನಬಂದಂತೆ'ಯ ಲೆಕ್ಕವನ್ನೂ ಬರೆದಿಟ್ಟಿರುತ್ತಾರೆ. ಎಲ್ಲೋ ಒಂದು ಕಡೆ ಚಿತ್ರ ಬೇರೆಯಾದರೆ ಸಾಕು, "ನಿನ್ನ ತಿದ್ದುಪಡಿಯಿಂದ ಹಳೆಯದೇನೋ ಮುರಿದಿದೆ" ಎಂದು ಎಚ್ಚರಿಸುತ್ತದೆ.

ಇದನ್ನು ಕೇಳಿದಾಗ ನೆನಪಾಗುವ ಪದ ಒಂದೇ: ಅಮಾನತು. ನಮ್ಮನ್ನು ನಂಬಿ ಒಬ್ಬರು ಒಪ್ಪಿಸಿದ್ದನ್ನು, ಅವರು ಎದುರಿಗಿಲ್ಲದಾಗಲೂ, ಕೇಳಲು ಬಾರದಿದ್ದರೂ ಇದ್ದ ಹಾಗೆಯೇ ಕಾಪಾಡುವುದು. ಪ್ರವಾದಿತ್ವಕ್ಕೆ ಮುಂಚೆಯೇ ಮಕ್ಕಾದ ಜನ ಪ್ರವಾದಿ(ಸ)ರನ್ನು 'ಅಲ್ ಅಮೀನ್' ಎಂದು ಕರೆದದ್ದು ಈ ಗುಣಕ್ಕಾಗಿಯೇ. ಹಿಜ್ರತ್‌ನ ರಾತ್ರಿ ತಮ್ಮ ಜೀವಕ್ಕೆ ಅಪಾಯವಿದ್ದಾಗಲೂ ಜನರು ಇಟ್ಟಿದ್ದ ವಸ್ತುಗಳನ್ನು ಅವರವರಿಗೆ ಹಿಂದಿರುಗಿಸುವ ಹೊಣೆಯನ್ನು ಹಝ್ರತ್ ಅಲೀ(ರ)ರಿಗೆ ಒಪ್ಪಿಸಿ ಹೊರಟರು. ಆಟದ ಕೋಡನ್ನು ಆ ಮಹಾನ್ ಚರಿತ್ರೆಯೊಂದಿಗೆ ಹೋಲಿಸಲು ಇದನ್ನು ಹೇಳುತ್ತಿಲ್ಲ. ಅಮಾನತಿನ ಗುಣವು ನಮಾಝಿನ ಚಾಪೆಗೆ ಸೀಮಿತವಲ್ಲ, ಅಂಗಡಿಯ ತಕ್ಕಡಿಯಲ್ಲೂ ಕಂಪ್ಯೂಟರಿನ ಕೀಲಿಮಣೆಯಲ್ಲೂ ಅದಕ್ಕೆ ಜಾಗವಿದೆ ಎಂಬುದಷ್ಟೇ ತಾತ್ಪರ್ಯ.

ಹಕ್ಕು ಯಾರದು?

ಇನ್ನೊಂದು ಮಾತನ್ನು ಮರೆಯಬಾರದು. ಅಭಿಮಾನಿಗಳು ಮಾಡಿದ ಆಟ ಎಂದ ಮಾತ್ರಕ್ಕೆ ಎಲ್ಲವೂ ಅವರದಾಗುವುದಿಲ್ಲ. ಕೋಡ್ ಅವರು ಬರೆದದ್ದಿರಬಹುದು. ಆದರೆ ಹೆಸರು, ಪಾತ್ರಗಳು, ಚಿತ್ರಗಳು, ರಾಗ ಇವು ಮೂಲ ಕಂಪೆನಿಯವು. ನಿಂಟೆಂಡೊದ್ದೇ ಮತ್ತೊಂದು ಹಳೆಯ ಆಟವನ್ನು ಅಭಿಮಾನಿಯೊಬ್ಬರು ಹಲವು ವರ್ಷ ದುಡಿದು ಹೊಸದಾಗಿ ರೂಪಿಸಿ 2016ರ ಆಗಸ್ಟ್‌ನಲ್ಲಿ ಉಚಿತವಾಗಿ ಬಿಡುಗಡೆ ಮಾಡಿದರು. ಕೆಲವೇ ದಿನಗಳಲ್ಲಿ ಕಂಪೆನಿಯ ಕಾನೂನು ನೋಟಿಸ್ ಬಂದು ಅದನ್ನು ತೆಗೆಯಬೇಕಾಯಿತು. ಉಚಿತವಾಗಿ ಹಂಚಿದರೂ ಇನ್ನೊಬ್ಬರ ಹಕ್ಕು ಇನ್ನೊಬ್ಬರದೇ.

ಕೋಡಿಗೂ ಷರತ್ತುಗಳಿರುತ್ತವೆ. ಝೆಲ್ಡಾ ಕ್ಲಾಸಿಕ್‌ನ ಕೋಡ್ ಜಿಪಿಎಲ್ ಎಂಬ ಮುಕ್ತ ಪರವಾನಗಿಯಡಿ ಎಲ್ಲರಿಗೂ ತೆರೆದುಕೊಂಡಿತು. ಯಾರೂ ತೆಗೆದುಕೊಳ್ಳಬಹುದು, ತಿದ್ದಬಹುದು. ಆದರೆ ತಿದ್ದಿದ್ದನ್ನು ಇತರರಿಗೆ ಹಂಚುವುದಾದರೆ ತಿದ್ದಿದ ಕೋಡನ್ನೂ ಅದೇ ಷರತ್ತಿನಲ್ಲಿ ಕೊಡಬೇಕು. "ಫ್ರೀ ಸಿಕ್ಕಿತು" ಎಂದು ತೆಗೆದುಕೊಂಡು ಸ್ವಂತದ್ದೆಂದು ಬಚ್ಚಿಡುವಂತಿಲ್ಲ. ಮಾಡಿಕೊಂಡ ಕರಾರನ್ನು ಪಾಲಿಸಬೇಕೆಂಬುದು ಸತ್ಯವಿಶ್ವಾಸಿಗಳಿಗೆ ಕುರ್‌ಆನಿನ ಆದೇಶ. ಈ ಪರವಾನಗಿಯೂ ಒಂದು ಕರಾರೇ. ಮಗ ಕೈಹಾಕಿರುವ ಆಟದ ಕೋಡ್ ಯಾರದು, ಷರತ್ತೇನು ಎಂದು ತಾಯಿ ಕೇಳುವುದು ತಪ್ಪಲ್ಲ. ಅವನಿಗೆ ಉತ್ತರ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ಮೊದಲು ಅದನ್ನು ಓದಿಕೊಳ್ಳಲಿ.

ತಡೆಯಬೇಕೋ, ಬಿಡಬೇಕೋ?

ಈಗ ಸಹೋದರಿಯ ಪ್ರಶ್ನೆಗೆ ಬರೋಣ. 'ಆಟ' ಎಂಬ ಕಾರಣಕ್ಕೆ ಇದನ್ನು ಕಾಲಹರಣ ಎನ್ನಲಾಗದು. ಇತರರು ಬರೆದದ್ದನ್ನು ಓದಿ ಅರ್ಥಮಾಡಿಕೊಳ್ಳುವುದು, ಮುರಿಯದೆ ತಿದ್ದುವುದು, ತಿದ್ದಿದ್ದನ್ನು ಪರೀಕ್ಷಿಸುವುದು ಇವು ದುಡಿಮೆಯ ಲೋಕದಲ್ಲಿ ಬೇಕಾದ ಕಸುಬು. ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ರೈಲ್ವೆಯಲ್ಲಿ ಹಳೆಯ ಪ್ರೋಗ್ರಾಮ್‌ಗಳು ಇರುತ್ತವೆ, ಅವನ್ನು ನಿಲ್ಲಿಸದೆ ಹೊಸದಕ್ಕೆ ಸಾಗಿಸುವವರು ಬೇಕು. ಕಾಲೇಜಿನ ಪಾಠದಲ್ಲಿ ಸಾಮಾನ್ಯವಾಗಿ ಹೊಸದನ್ನು ಬರೆಯಲು ಕಲಿಸುತ್ತಾರೆ. ಹಳೆಯದನ್ನು ಜೋಪಾನ ಮಾಡುವುದನ್ನು ಹುಡುಗರು ಹೀಗೆಯೇ ಕಲಿಯಬೇಕು.

ಹಾಗೆಂದು 'ಕೆಲಸ' ಎಂಬ ಒಂದೇ ಕಾರಣಕ್ಕೆ ಎಲ್ಲವನ್ನೂ ಬಿಟ್ಟುಬಿಡಲೂ ಆಗದು. ಇಶಾ ಬಳಿಕದ ಮಾತುಕತೆಯನ್ನು ಪ್ರವಾದಿ(ಸ)ರು ಇಷ್ಟಪಡುತ್ತಿರಲಿಲ್ಲ ಎಂಬುದು ಹದೀಸ್‌ನಲ್ಲಿದೆ. ಮಧ್ಯರಾತ್ರಿಯವರೆಗೆ ಕುಳಿತವನು ಫಜ್ರ್‌ಗೆ ಏಳುವುದು ಹೇಗೆ? ಆಯುಷ್ಯವನ್ನು ಹೇಗೆ ಕಳೆದೆ, ಯೌವನವನ್ನು ಯಾವುದಕ್ಕೆ ಬಳಸಿದೆ ಎಂಬ ಪ್ರಶ್ನೆಗೆ ನಾಳೆ ಅವನೇ ಉತ್ತರಿಸಬೇಕು. ಆದ್ದರಿಂದ ತಾಯಿ ಗದರುವ ಬದಲು ಪಕ್ಕದಲ್ಲಿ ಕುಳಿತು ಕೆಲವು ವಿಷಯಗಳನ್ನು ಗಮನಿಸಲಿ.

ಕುಳಿತ ಹೊತ್ತಿನಲ್ಲಿ ಎಷ್ಟು ದುರಸ್ತಿ, ಎಷ್ಟು ಆಟ? "ಇವತ್ತು ಏನು ಸರಿಮಾಡಿದೆ, ತೋರಿಸು" ಎಂದರೆ ಸಾಕು. ನಿಜವಾಗಿ ದುಡಿದವನು ಉತ್ಸಾಹದಿಂದ ತೋರಿಸುತ್ತಾನೆ, ಬರೀ ಆಡಿದವನು ಮಾತು ಬದಲಿಸುತ್ತಾನೆ. ಫಜ್ರ್ ತಪ್ಪುತ್ತಿದೆಯೇ, ಓದು ಹಿಂದೆ ಬಿದ್ದಿದೆಯೇ? ಹಾಗಿದ್ದರೆ ಹೊತ್ತು ಬದಲಾಗಲಿ. ಇಶಾ ನಂತರ ಮಲಗಿ ಫಜ್ರ್ ಬಳಿಕ ಒಂದು ಗಂಟೆ ಕುಳಿತರೆ ತಲೆಯೂ ಹಗುರವಾಗಿರುತ್ತದೆ. ಆಟದ ಕಥೆಯಲ್ಲಿ, ಚಿತ್ರದಲ್ಲಿ ನಮ್ಮ ವಿಶ್ವಾಸಕ್ಕೆ, ಮರ್ಯಾದೆಗೆ ಸಲ್ಲದ್ದೇನಾದರೂ ಇದೆಯೇ? ಇದ್ದರೆ ಅದೇ ಕಸುಬಿಗೆ ಬೇರೆ ಒಳ್ಳೆಯ ಕೆಲಸಗಳು ಧಾರಾಳವಾಗಿವೆ.

ಅಂಥ ಕೆಲಸ ಕೆಲವೊಮ್ಮೆ ಮನೆಯಲ್ಲೇ ಇರುತ್ತದೆ. ಹಿಂದೆ ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಅಕ್ಷರಗಳಲ್ಲಿ ಟೈಪ್ ಮಾಡಿಟ್ಟ ಕನ್ನಡ ಬರಹಗಳನ್ನು ಇಂದು ಮೊಬೈಲಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಅದೂ ಈ ಆಟದ್ದೇ ಸಮಸ್ಯೆ: ಬರಹ ಕೆಟ್ಟಿಲ್ಲ, ಅದನ್ನು ಓದುವ ವ್ಯವಸ್ಥೆ ಹೋಗಿದೆ. ಅದನ್ನು ಯೂನಿಕೋಡ್‌ಗೆ ತಿರುಗಿಸಿದರೆ ಮತ್ತೆ ಓದಬಹುದು. ಊರಿನ ಮದ್ರಸದ ಹಳೆಯ ಪಾಠಗಳು, ಜಮಾಅತ್‌ನ ದಾಖಲೆಗಳು ಹೀಗೆ ಯಾವುದಾದರೂ ಕಂಪ್ಯೂಟರಿನಲ್ಲಿ ಬಿದ್ದಿರಬಹುದು. ಕೊಲ್ಲಿ ದೇಶದಲ್ಲಿದ್ದ ಅಪ್ಪ ಮಾತಾಡಿ ರೆಕಾರ್ಡ್ ಮಾಡಿ ಕಳಿಸುತ್ತಿದ್ದ ಕ್ಯಾಸೆಟ್‌ಗಳು ಎಷ್ಟೋ ಮನೆಗಳ ಅಲ್ಮಾರಿನಲ್ಲಿ ಇನ್ನೂ ಇವೆ. ಅದನ್ನು ನುಡಿಸುವ ಟೇಪ್ ರೆಕಾರ್ಡರ್ ಮಾತ್ರ ಗುಜರಿಗೆ ಹೋಗಿದೆ. ಕ್ಯಾಸೆಟ್‌ನ ಪಟ್ಟಿ ಕೋಡಿನಂತಲ್ಲ, ವರ್ಷ ಕಳೆದಂತೆ ಅದು ತಾನೂ ಕೆಡುತ್ತದೆ. ಹಳೆಯ ಆಟದ ಕೋಡನ್ನು ಇಷ್ಟು ತಾಳ್ಮೆಯಿಂದ ಬಿಡಿಸುವ ಮಗನಿಗೆ ಆ ದನಿಯನ್ನು ಕಂಪ್ಯೂಟರಿಗೆ ಇಳಿಸುವುದು ದೊಡ್ಡ ಮಾತೇನಲ್ಲ. "ಮೊದಲು ಇದನ್ನು ಮಾಡಿಕೊಡು" ಎಂದು ಕೇಳುವ ಹಕ್ಕು ತಾಯಿಗಿದೆ.

ಹಿಂದಿನವರ ದುಡಿಮೆಯನ್ನು ಮುಂದಿನವರಿಗೆ ತಲುಪಿಸುವ ಕೈಗಳು ಎಂದೂ ಬೇಕಾಗಿವೆ. ನಮ್ಮ ಮಕ್ಕಳ ಕೈಗೆ ಅಲ್ಲಾಹನು ಆ ಜಾಣ್ಮೆಯನ್ನೂ, ಅದರೊಂದಿಗೆ ಪ್ರಾಮಾಣಿಕತೆಯನ್ನೂ ಕರುಣಿಸಲಿ. ಆಮೀನ್.